ಕೋಟೆಯ ದೊರೆಗಳೂ ಮನೆಯ ವಂಶಾವಳಿಯೂ

ತುಮಕೂರು ಸೀಮೆಯ ಉತ್ತರಭಾಗದಲ್ಲಿರುವ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಎಂಬ ನಾಲ್ಕು ತಾಲ್ಲೂಕುಗಳಲ್ಲಿ ಸಂಚಾರಮಾಡಿದವರಿಗೆ ಮೊದಲು ಕಣ್ಣಿಗೆ ಬೀಳುವುದು ಬೋಳುಬಂಡೆಯ ಬೆಟ್ಟಗಳು. ಅವುಗಳ ನೆತ್ತಿಯ ಮೇಲೆ ಕುಸಿದುಬಿದ್ದ ಕೋಟೆಗಳು. ಅಂತಹ ಒಂದು ಕೋಟೆಯ ಕೆಳಗಿನ ಹಳ್ಳಿಯಲ್ಲಿ ಯಾರದಾದರೂ ಮನೆಯ ಜಗಲಿಯ ಮೇಲೆ ಒಂದು ಗಳಿಗೆ ಕುಳಿತರೆ, “ಈ ದುರ್ಗವನ್ನು ಆಳಿದವರು ನಮ್ಮ ಹಿರಿಯರು” ಎಂಬ ಮಾತು ಕಿವಿಗೆ ಬೀಳದೆ ಇರುವುದಿಲ್ಲ. ಹೇಳುವವರ ಮನೆಯಲ್ಲಿ ಕೆಲವೊಮ್ಮೆ ಒಂದು ತುಕ್ಕುಹಿಡಿದ ಕತ್ತಿ ಇರುತ್ತದೆ. ಕೆಲವೊಮ್ಮೆ ಒಂದು ಹಳೆಯ ಕಡತ ಇರುತ್ತದೆ. ಅನೇಕ ವೇಳೆ ಆ ಮಾತು ಮಾತ್ರವೇ ಇರುತ್ತದೆ. ಇಂತಹ ಮಾತನ್ನು ಕೇಳಿದಾಗ ನಗುವುದೂ ಸರಿಯಲ್ಲ, ಕೇಳಿದ್ದನ್ನೆಲ್ಲ ನಂಬುವುದೂ ಸರಿಯಲ್ಲ. ಅದನ್ನು ಒರೆಗೆ ಹಚ್ಚಿ ನೋಡುವ ಕ್ರಮವೇನು ಎಂಬುದನ್ನು ಈ ಹೊತ್ತು ವಿಚಾರಮಾಡೋಣ.

ದೊಡ್ಡವರ ವಂಶದಲ್ಲಿ ಹುಟ್ಟಿದೆವೆಂಬ ಆಸೆ ನಮ್ಮ ನಾಡಿಗೆ ಮಾತ್ರ ಸೇರಿದ್ದಲ್ಲ. ಇಂಗ್ಲೆಂಡಿನಲ್ಲಿ ಕ್ರಿ. ಶ. 1066ರಲ್ಲಿ ನಾರ್ಮಂಡಿಯ ವಿಲಿಯಂ ದೊರೆಯು ಹೇಸ್ಟಿಂಗ್ಸ್ ಯುದ್ಧದಲ್ಲಿ ಗೆದ್ದು ಸಿಂಹಾಸನವನ್ನೇರಿದನು. ಅವನೊಡನೆ ಕಡಲು ದಾಟಿ ಬಂದ ವೀರರ ಸಂತತಿ ತಾವೆಂದು ಹೇಳಿಕೊಳ್ಳುವ ಮನೆತನಗಳು ಆ ದೇಶದಲ್ಲಿ ಅಸಂಖ್ಯವಾಗಿವೆ. ಆದರೆ ಆ ಯುದ್ಧಭೂಮಿಯಲ್ಲಿ ವಿಲಿಯಮನ ಪಕ್ಕದಲ್ಲಿ ನಿಂತಿದ್ದರೆಂದು ಸಮಕಾಲೀನ ಬರಹಗಳಿಂದ ಸಿದ್ಧಪಡಿಸಬಹುದಾದ ಹೆಸರುಗಳು ಕೆಲವೇ ಹತ್ತುಗಳನ್ನು ಮೀರುವುದಿಲ್ಲ. ಬ್ಯಾಟಲ್ ಮಠದ ಪಟ್ಟಿಯೆಂಬ ಹೆಸರಿನಿಂದ ಬಹುಕಾಲ ಪೂಜ್ಯವಾಗಿದ್ದ ಹೆಸರುಗಳ ಸರಣಿಯಲ್ಲಿ ಆಮೇಲೆ ಸೇರಿಸಿದವು ಅನೇಕವಿವೆ ಎಂದು ವಿದ್ವಾಂಸರು ತೋರಿಸಿದ್ದಾರೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿಯೂ ಇಪ್ಪತ್ತನೆಯದರ ಮೊದಲಲ್ಲಿಯೂ ಹೊರೇಸ್ ರೌಂಡ್ ಎಂಬ ಪಂಡಿತನು ದೊಡ್ಡ ದೊಡ್ಡ ಮನೆತನಗಳ ಸುಳ್ಳು ವಂಶವೃಕ್ಷಗಳನ್ನು ಒಂದೊಂದಾಗಿ ಬಯಲಿಗೆಳೆದು ಅನೇಕರ ಕೋಪಕ್ಕೆ ಪಾತ್ರನಾದನು.

ಆ ನಾರ್ಮನ್ನರಾದರೂ ಯಾರು? ಕ್ರಿ. ಶ. 911ರಲ್ಲಿ ಫ್ರಾನ್ಸಿನ ದೊರೆಯಿಂದ ಭೂಮಿಯನ್ನು ಪಡೆದು ನೆಲೆಗೊಂಡ ರಾಲೋ ಎಂಬ ಉತ್ತರದೇಶದ ನಾವಿಕ ದಳಪತಿಯ ಕಡೆಯವರು. ಅವರು ಸೋಲಿಸಿದ ಸ್ಯಾಕ್ಸನ್ ಅರಸರಾದರೋ ತಮ್ಮ ಮೂಲವನ್ನು ವೋಡನ್ ಎಂಬ ದೇವತೆಗೆ ಒಯ್ಯುತ್ತಿದ್ದರು. ಮುಂದೆ ಆ ಅರಸರು ಕ್ರೈಸ್ತಮತವನ್ನು ಹಿಡಿದಾಗ ಹಳೆಯ ದೇವತೆಯನ್ನು ಬಿಡಲಾರದೆ, ವೋಡನ್ನನನ್ನೇ ನಡುವಿನ ಒಬ್ಬ ಮನುಷ್ಯನನ್ನಾಗಿ ಮಾಡಿ, ಅವನಿಂದ ಮೇಲಕ್ಕೆ ನೋವನವರೆಗೆ, ಕೊನೆಗೆ ಆದಮನವರೆಗೆ ಏಣಿಯನ್ನು ಕಟ್ಟಿದರು. ಇದನ್ನು ಓದುವಾಗ ನಮಗೆ ನಮ್ಮ ಸೂರ್ಯವಂಶ ಚಂದ್ರವಂಶಗಳ ನೆನಪಾಗುವುದು ಸಹಜ. ಅಧಿಕಾರವು ಕೈಗೆ ಬಂದಮೇಲೆ ವಂಶವು ಬೆಳೆಯುವುದು ಮುಂದಕ್ಕೆ ಮಾತ್ರವಲ್ಲ, ಹಿಂದಕ್ಕೂ ಬೆಳೆಯುತ್ತದೆ.

ನಾವು ಹೇಳಹೊರಟ ಸೀಮೆಯಲ್ಲಿಯೇ ಇದಕ್ಕೆ ನಿದರ್ಶನಗಳು ಕಲ್ಲಿನ ಮೇಲೆ ಇವೆ. ಪಾವಗಡ ತಾಲ್ಲೂಕಿನ ನಿಡುಗಲ್ಲು ದುರ್ಗದಿಂದ ಆಳಿದ ಇರುಂಗೋಳ ಮೊದಲಾದ ಅರಸರು ತಮ್ಮನ್ನು ಚೋಳರೆಂದು ಕರೆದುಕೊಂಡರು. ತಾವು ಕರಿಕಾಲ ಚೋಳನ ಸಂತತಿಯವರೆಂದೂ ಒರೆಯೂರು ಪುರವರಾಧೀಶ್ವರರೆಂದೂ ಶಾಸನಗಳಲ್ಲಿ ಬರೆಯಿಸಿದರು. ಒರೆಯೂರು ಇರುವುದು ಕಾವೇರಿಯ ದಡದಲ್ಲಿ, ತಮಿಳುನಾಡಿನ ತಿರುಚಿನಾಪಳ್ಳಿಯ ಬಳಿ. ನಿಡುಗಲ್ಲಿನ ಅರಸರು ಆ ಊರನ್ನು ಆಳಲಿಲ್ಲ. ಅದು ಅವರ ಪಾಲಿಗೆ ರಾಜಧಾನಿಯಲ್ಲ, ಬಿರುದು. ಇವರಿಗಿಂತ ಮೊದಲು ಹೆಂಜೇರು ಎಂಬ ಪಟ್ಟಣದಿಂದ, ಎಂದರೆ ಗಡಿಯಾಚೆ ಆಂಧ್ರಕ್ಕೆ ಸೇರಿರುವ ಹೇಮಾವತಿಯಿಂದ, ಈ ಸೀಮೆಯನ್ನು ಆಳಿದ ನೊಳಂಬರು ಪಲ್ಲವಾನ್ವಯದವರೆಂದು ಹೇಳಿಕೊಂಡರು. ಹೇಮಾವತಿಯ ಕಂಬದ ಶಾಸನದಲ್ಲಿ ತ್ರಿನಯನ ಪಲ್ಲವನಿಂದ ಆರಂಭವಾಗಿ ಮಂಗಳ, ಸಿಂಹಪೋತ, ಚಾರುಪೊನ್ನೇರ, ಪೊಳಲ್ಚೋರ, ಮಹೇಂದ್ರ ಎಂದು ಹೆಸರುಗಳು ಇಳಿದುಬರುತ್ತವೆ. ಈ ಪಟ್ಟಿಯ ಕೆಳಭಾಗ ಚರಿತ್ರೆ. ಇತರ ಶಾಸನಗಳೊಡನೆ ಅದು ಹೊಂದಿಕೊಳ್ಳುತ್ತದೆ. ಮೇಲಿನ ತುದಿಯಲ್ಲಿರುವ ಮೂರು ಕಣ್ಣಿನ ಪಲ್ಲವನು ಪುರಾಣ. ಎರಡೂ ಒಂದೇ ಕಂಬದ ಮೇಲೆ, ಒಂದೇ ಅಕ್ಷರದಲ್ಲಿ ಕೆತ್ತಲ್ಪಟ್ಟಿವೆ. ವಂಶಾವಳಿಯನ್ನು ಓದುವವನು ಮೊದಲು ಕಲಿಯಬೇಕಾದ ಪಾಠ ಇದು: ಒಂದು ಪಟ್ಟಿಯು ಪೂರ್ತಿ ನಿಜವಾಗಿರಬೇಕೆಂದಿಲ್ಲ, ಪೂರ್ತಿ ಸುಳ್ಳಾಗಿರಬೇಕೆಂದೂ ಇಲ್ಲ, ಅದರಲ್ಲಿ ನೆಲವು ಎಲ್ಲಿ ಮುಗಿದು ಮುಗಿಲು ಎಲ್ಲಿ ಆರಂಭವಾಗುತ್ತದೆಂಬುದನ್ನು ಕಂಡುಕೊಳ್ಳಬೇಕು.

ಇನ್ನು ಪಾಳೆಯಗಾರರ ಕಾಲಕ್ಕೆ ಬರೋಣ. ಮಧುಗಿರಿಗೆ ಹಿಂದೆ ಮದ್ದಗಿರಿಯೆಂದು ಹೆಸರು. ಸುಮಾರು ನಾಲ್ಕು ಸಾವಿರ ಅಡಿ ಎತ್ತರದ ಆ ಒಂಟಿಬಂಡೆಯ ಬೆಟ್ಟದ ಮೇಲೆ ಕೋಟೆಯನ್ನು ಕಟ್ಟಿದವನು ಹಿರೇಗೌಡನೆಂಬ ಪ್ರಭುವೆಂದು ಪ್ರತೀತಿ. ದಾರಿತಪ್ಪಿ ಬೆಟ್ಟಕ್ಕೆ ಹೋಗಿದ್ದ ಕುರಿಯೊಂದು ಮೈಯೆಲ್ಲ ನೆನೆದು ಹಿಂದಿರುಗಿತು. ಅದರಿಂದ ಮೇಲೆ ನೀರಿದೆಯೆಂದು ತಿಳಿದು ಅಲ್ಲಿ ದುರ್ಗವನ್ನು ಕಟ್ಟಿದರು ಎಂದು ಕಥೆ. ಕ್ರಿ. ಶ. 1678ರಲ್ಲಿ ಚಿಕ್ಕದೇವರಾಜ ಒಡೆಯರ ಸೈನ್ಯವು ಈ ದುರ್ಗವನ್ನು ಗೆದ್ದು ಮೈಸೂರಿಗೆ ಸೇರಿಸಿತು. ಆಗ ಅಲ್ಲಿ ಆಳುತ್ತಿದ್ದವರು ರಾಮಗೌಡ, ತಿಮ್ಮಗೌಡ ಎಂಬವರು. ಕೊರಟಗೆರೆಯಲ್ಲಿ ರಣಭೈರೇಗೌಡನ ಹೆಸರು ಪ್ರಸಿದ್ಧವಾಗಿದೆ. ಇಲ್ಲಿನ ಮತ್ತು ಹೊಳವನಹಳ್ಳಿಯ ಪ್ರಭುಗಳು ತಮ್ಮ ಮೂಲವನ್ನು ಆವತಿಗೆ ಒಯ್ಯುತ್ತಿದ್ದರು. ಕಂಚಿಯ ಕಡೆಯಿಂದ ಗಾಡಿಗಳಲ್ಲಿ ಬಂದ ಏಳು ಮಂದಿ ಒಕ್ಕಲಿಗರು ದೇವನಹಳ್ಳಿಯ ಬಳಿಯ ಬೆಟ್ಟದ ಬುಡದಲ್ಲಿ ಇಳಿದುಕೊಂಡು ಆವತಿಯೆಂಬ ಊರನ್ನು ಕಟ್ಟಿದರೆಂದೂ, ಅವರ ಸಂತತಿಯೇ ದೇವನಹಳ್ಳಿ, ಚಿಕ್ಕಬಳ್ಳಾಪುರ, ದೊಡ್ಡಬಳ್ಳಾಪುರ ಮೊದಲಾದ ನಾಡುಗಳ ಪ್ರಭುಗಳಾದರೆಂದೂ ಆ ಕಥೆ ಹೇಳುತ್ತದೆ. ಕೆಂಪೇಗೌಡರ ಯಲಹಂಕದ ಮನೆತನವೂ ಈ ಕಥೆಗೆ ಸೇರಿದ್ದೇ.

ಶಿರಾ ಪಟ್ಟಣದ ಕೋಟೆಗೆ ಅಸ್ತಿಭಾರ ಹಾಕಿದವನು ರತ್ನಗಿರಿಯ ರಂಗಪ್ಪನಾಯಕ. ಕೋಟೆಯು ಮುಗಿಯುವ ಮೊದಲೇ, 1638ರ ಸುಮಾರಿಗೆ, ವಿಜಾಪುರದವರು ಅದನ್ನು ವಶಪಡಿಸಿಕೊಂಡರು. 1687ರಲ್ಲಿ ಮೊಗಲರು ಬಂದು ಶಿರಾವನ್ನು ಒಂದು ಸುಭಾದ ರಾಜಧಾನಿಯನ್ನಾಗಿ ಮಾಡಿದರು. 1761ರಲ್ಲಿ ಹೈದರಾಲಿಯು ಬಸಾಲತ್ ಜಂಗನಿಂದ ಶಿರಾದ ನವಾಬನೆಂಬ ಪದವಿಯನ್ನು ಪಡೆದನು. ಪಾವಗಡದಲ್ಲಿಯೂ ನಾಯಕರ ಮನೆತನವೊಂದು ಆಳಿತು. ಬಾಲಪ್ಪನಾಯಕನು ಅದರ ಮೂಲಪುರುಷನೆಂದು ಹೇಳುವರು. ಅದರ ಅಧಿಕಾರವನ್ನು ಕೊನೆಗಾಣಿಸಿದವನೂ ಹೈದರನೇ. ಕೋಟೆಯೊಂದೇ, ಒಡೆಯರು ಅನೇಕರು. ಹೀಗಿರುವಾಗ “ಕೋಟೆಯನ್ನು ಆಳಿದವರ ವಂಶ” ಎಂದರೆ ಯಾವ ಕಾಲದಲ್ಲಿ ಆಳಿದವರ ವಂಶ ಎಂಬ ಪ್ರಶ್ನೆ ತಾನಾಗಿ ಏಳುತ್ತದೆ. ಬಿದನೂರಿನ ರಾಣಿ ವೀರಮ್ಮಾಜಿಯನ್ನು ಹೈದರನು 1763ರಲ್ಲಿ ಸೆರೆಹಿಡಿದು ಇದೇ ಮಧುಗಿರಿಯ ಬೆಟ್ಟದಲ್ಲಿ ಇಟ್ಟನು. 1767ರಲ್ಲಿ ಮರಾಠರು ಅವಳನ್ನು ಬಿಡಿಸಿದರು. ದುರ್ಗದಲ್ಲಿ ವಾಸಮಾಡಿದ ರಾಜವಂಶದವರೆಲ್ಲ ದುರ್ಗವನ್ನು ಆಳಿದವರಲ್ಲ.

ಈ ಮನೆತನಗಳ ವೃತ್ತಾಂತಗಳು ನಮಗೆ ಹೇಗೆ ದೊರೆತಿವೆ? 1799ರಲ್ಲಿ ಶ್ರೀರಂಗಪಟ್ಟಣವು ಬಿದ್ದ ಮೇಲೆ ಕಾಲಿನ್ ಮೆಕೆಂಜಿಯು ಮೈಸೂರು ಸೀಮೆಯನ್ನು ಅಳತೆಮಾಡಲು ನೇಮಕವಾದನು. ಅವನು ನೆಲವನ್ನು ಅಳೆಯುವುದರ ಜೊತೆಗೆ, ಕಾವಲಿ ವೆಂಕಟ ಬೋರಯ್ಯ ಮೊದಲಾದ ಸಹಾಯಕರ ಮೂಲಕ ಊರೂರಿನ ಕೈಫಿಯತ್ತುಗಳನ್ನು ಬರೆಯಿಸಿಕೊಂಡನು. ಇವು ಅಮೂಲ್ಯವಾದ ಬರಹಗಳು. ಆದರೆ ಬರೆಯಿಸಿದವರ ಸ್ಥಿತಿಯನ್ನು ಮರೆಯಬಾರದು. ಪಾಳೆಯಪಟ್ಟನ್ನು ಕಳೆದುಕೊಂಡ ಮನೆತನದವನೊಬ್ಬನು ಹೊಸ ಸರ್ಕಾರದ ಅಧಿಕಾರಿಯ ಮುಂದೆ ಕುಳಿತು ತನ್ನ ಪೂರ್ವಿಕರ ಸಂಗತಿಯನ್ನು ಹೇಳುತ್ತಾನೆ. ಉಂಬಳಿಯೋ ವರ್ಷಾಶನವೋ ದೊರೆತೀತೆಂಬ ಆಸೆ ಅವನಿಗಿರುವುದು ಸಹಜ. ಅಂತಹವನು ತನ್ನ ಅಜ್ಜನ ಸೋಲುಗಳನ್ನು ಉದ್ದವಾಗಿ ಹೇಳಲಾರ. ಶಾಸನಗಳ ವಿಷಯದಲ್ಲಿ ಬಿ. ಎಲ್. ರೈಸ್ ಅವರ ಎಪಿಗ್ರಾಫಿಯ ಕರ್ನಾಟಿಕದ ಹನ್ನೆರಡನೆಯ ಸಂಪುಟವು 1904ರಲ್ಲಿ ಹೊರಬಂದು ತುಮಕೂರು ಜಿಲ್ಲೆಯ ಶಾಸನಗಳನ್ನು ಒಂದೆಡೆಗೆ ತಂದಿತು. ಮನೆಯ ಕಡತದಲ್ಲಿರುವ ಹೆಸರು ಕಲ್ಲಿನ ಮೇಲೆಯೂ ಇದೆಯೇ ಎಂದು ನೋಡಬೇಕಾದವರಿಗೆ ಅದೇ ಮೊದಲ ಮೆಟ್ಟಿಲು.

ಈಗ ಒಂದು ಪ್ರತ್ಯಕ್ಷ ಸಂಗತಿಯನ್ನು ಹೇಳುತ್ತೇವೆ. ಮಧುಗಿರಿಯ ಕಡೆಯಿಂದ ಬಂದು ಬೆಂಗಳೂರಿನಲ್ಲಿ ನೆಲೆಸಿರುವ ನಮ್ಮ ಮಿತ್ರರೊಬ್ಬರು ಒಂದು ದಿನ ಕಾಗದವೊಂದನ್ನು ತಂದು ನಮ್ಮ ಮುಂದಿಟ್ಟರು. ಅದರಲ್ಲಿ “ಸನ್ 1678ನೇ ಇಸವಿಯಲ್ಲಿ ಮಧುಗಿರಿ ಆಳುತ್ತಿದ್ದ” ರಾಮಗೌಡನಿಂದ ತೊಡಗಿ, ಸುಮಾರು 1900ರಲ್ಲಿ ಹುಟ್ಟಿದ ಅವರ ಅಜ್ಜನವರೆಗೆ ವಂಶಾವಳಿ ಇತ್ತು. ಮಗಳ ಮದುವೆಗೆ ಬರುವ ನೆಂಟರಿಗೆಲ್ಲ ಅದನ್ನು ಅಚ್ಚುಹಾಕಿಸಿ ಹಂಚಬೇಕೆಂಬುದು ಅವರ ಸಂಕಲ್ಪ. “ಒಮ್ಮೆ ನೋಡಿಕೊಡಿ” ಎಂದರು. ನಾವು ನೋಡಿದೆವು.

ಮೊದಲನೆಯ ಸಂದೇಹ ಇಸವಿಯದು. ಹಳೆಯ ಕಾಲದ ಶಾನುಭೋಗನು ಬರೆಯುವುದಾದರೆ ಶಾಲಿವಾಹನ ಶಕವನ್ನೂ ಸಂವತ್ಸರವನ್ನೂ ಬರೆಯುತ್ತಿದ್ದನು. 1678 ಎಂಬುದು ಶಕ 1600, ಕಾಳಯುಕ್ತಿ ಸಂವತ್ಸರ. ಶಕವೂ ಸಂವತ್ಸರವೂ ಒಂದಕ್ಕೊಂದು ಕೂಡಿಬರುತ್ತವೆಯೇ ಎಂಬುದು ಕಡತಗಳ ಪರೀಕ್ಷೆಯಲ್ಲಿ ಸುಲಭವಾದ ಉಪಾಯ. ಶಕ 1600ನ್ನು ಬರೆದು ಪ್ರಭವ ಸಂವತ್ಸರವೆಂದಿದ್ದರೆ, ಪ್ರಭವವು ಒಂಬತ್ತು ವರ್ಷಗಳ ಮೇಲೆ ಬಂದುದರಿಂದ, ಬರೆದವನು ಆ ಕಾಲದವನಲ್ಲವೆಂದು ತಿಳಿಯುತ್ತದೆ. ನಮ್ಮ ಮಿತ್ರರ ಕಾಗದದಲ್ಲಿ ಶಕವೂ ಇಲ್ಲ, ಸಂವತ್ಸರವೂ ಇಲ್ಲ. ಇದ್ದುದು ಕ್ರಿಸ್ತಶಕ ಮಾತ್ರ. ಆದುದರಿಂದ ಆ ಮೊದಲ ಸಾಲು ಇಂಗ್ಲಿಷ್ ಗ್ಯಾಸೆಟಿಯರನ್ನು ನೋಡಿದವರೊಬ್ಬರು ಆಮೇಲೆ ಸೇರಿಸಿದ್ದಾಗಿರಬಹುದೆಂದು ತೋರಿತು. ರೈಸ್ ಅವರ ಗ್ಯಾಸೆಟಿಯರಿನ ಪರಿಷ್ಕೃತ ಮುದ್ರಣ ಬಂದದ್ದು 1897ರಲ್ಲಿ.

ಎರಡನೆಯದು ಲೆಕ್ಕ. 1678ರಿಂದ 1900ಕ್ಕೆ 222 ವರ್ಷ. ಒಂದು ತಲೆಮಾರಿಗೆ 25ರಿಂದ 30 ವರ್ಷವೆಂದು ಹಿಡಿದರೆ ಏಳರಿಂದ ಒಂಬತ್ತು ತಲೆಮಾರುಗಳಾಗಬೇಕು. ಕಾಗದದಲ್ಲಿ ರಾಮಗೌಡನಿಗೂ ಅಜ್ಜನಿಗೂ ನಡುವೆ ಇದ್ದುದು ನಾಲ್ಕೇ ಹೆಸರು, ಎಂದರೆ ಐದೇ ಹೆಜ್ಜೆ. ಒಂದೊಂದು ಹೆಜ್ಜೆಗೆ 44 ವರ್ಷಕ್ಕಿಂತ ಹೆಚ್ಚಾಯಿತು. ಮನೆಯಲ್ಲೊಬ್ಬನಿಗೆ ನಲವತ್ತನಾಲ್ಕನೆಯ ವಯಸ್ಸಿನಲ್ಲಿ ಮಗನು ಹುಟ್ಟಬಹುದು. ಐದು ತಲೆಮಾರು ಸಾಲಾಗಿ ಹಾಗೆಯೇ ಆಯಿತೆಂದರೆ ನಂಬುವುದು ಕಷ್ಟ. ಎರಡರಿಂದ ನಾಲ್ಕು ಹೆಸರುಗಳು ಎಲ್ಲಿಯೋ ಜಾರಿಹೋಗಿವೆ. ಹೀಗಾಗುವುದಕ್ಕೆ ಕಪಟವೇ ಕಾರಣವೆಂದು ಹೇಳಬೇಕಾಗಿಲ್ಲ. ಮೊಮ್ಮಗನಿಗೆ ಅಜ್ಜನ ಹೆಸರನ್ನಿಡುವುದು ನಮ್ಮಲ್ಲಿ ವಾಡಿಕೆ. ತಿಮ್ಮಗೌಡನ ಮಗ ರಾಮಗೌಡ, ಅವನ ಮಗ ತಿಮ್ಮಗೌಡ, ಅವನ ಮಗ ರಾಮಗೌಡ ಎಂದಿದ್ದರೆ, ನಕಲುಮಾಡುವವನ ಕಣ್ಣು ಒಂದು ತಿಮ್ಮಗೌಡನಿಂದ ಇನ್ನೊಂದಕ್ಕೆ ಹಾರಿ ಇಬ್ಬರು ಮಾಯವಾಗುತ್ತಾರೆ.

ಮೂರನೆಯದು ಹೆಸರಿನ ಬಾಲ. ಗೌಡ ಎಂಬುದು ಊರಿನ ಗೌಡಿಕೆಯಿಂದ ಬಂದ ಮಾತು. ನಾಯಕ ಎಂಬುದು ದಳವನ್ನು ನಡೆಸಿದವರಿಗೆ ಸಲ್ಲುತ್ತಿದ್ದುದು. ಒಂದು ಸೀಮೆಯಲ್ಲಿ ನೂರಾರು ಗೌಡರಿದ್ದರು. ಅವರಲ್ಲಿ ಆಳಿದವನು ಒಬ್ಬ. ಬಾಲವೊಂದೇ ಆದಮಾತ್ರಕ್ಕೆ ವಂಶವೊಂದೇ ಆಗುವುದಿಲ್ಲ.

ಇಷ್ಟನ್ನು ಹೇಳಿದಾಗ ನಮ್ಮ ಮಿತ್ರರ ಮುಖ ಸಪ್ಪಗಾಯಿತು. ಆದರೂ ಅವರು ಪ್ರಾಮಾಣಿಕರು. ಊರಿನಲ್ಲಿ ಎಂಬತ್ತು ದಾಟಿದ ಸೋದರತ್ತೆಯೊಬ್ಬರಿದ್ದಾರೆ, ಅವರನ್ನು ಕೇಳೋಣವೆಂದರು. ಒಂದು ಭಾನುವಾರ ಅವರೊಡನೆ ನಾವೂ ಹೋದೆವು. ಕಾಗದವನ್ನು ಓದಿ ಹೇಳಿದಾಗ ಆ ಮುದುಕಿ ಸ್ವಲ್ಪ ಹೊತ್ತು ಸುಮ್ಮನಿದ್ದು, “ಏನಪ್ಪಾ, ಇದರಲ್ಲಿ ಒಬ್ಬ ಹೆಂಗಸಿನ ಹೆಸರೂ ಇಲ್ಲವಲ್ಲ? ನಮ್ಮಜ್ಜನ ಅಪ್ಪ ಈ ಮನೆಗೆ ಅಳಿಯನಾಗಿ ಬಂದವರು. ಗಂಡುಮಕ್ಕಳಿಲ್ಲದ ಮನೆ, ಮಗಳನ್ನು ಕೊಟ್ಟು ಇಲ್ಲೇ ಇರಿಸಿಕೊಂಡರು. ನಮ್ಮಜ್ಜಿ ಅದನ್ನು ನೂರು ಸಲ ಹೇಳಿದ್ದಾಳೆ” ಎಂದರು. ಕಾಗದದಲ್ಲಿ ಆ ಮನೆಯಳಿಯನು ಮಾವನ ಮಗನೆಂದು ಬರೆಯಲ್ಪಟ್ಟಿದ್ದನು. ಯಾವಳಿಂದ ಮನೆ ಮುಂದುವರಿಯಿತೋ ಅವಳ ಹೆಸರೇ ಇರಲಿಲ್ಲ.

ವಂಶಾವಳಿಗಳಲ್ಲಿ ಇದು ಸರ್ವಸಾಮಾನ್ಯವಾದ ಲೋಪ. ಮಧುಗಿರಿ ತಾಲ್ಲೂಕಿನ ಮಿಡಗೇಶಿ ದುರ್ಗಕ್ಕೆ ಪತಿಯೊಡನೆ ಚಿತೆಯನ್ನೇರಿದ ಅರಸಿಯೊಬ್ಬಳ ಹೆಸರು ಬಂತೆಂದು ಜನ ಹೇಳುತ್ತಾರೆ. ಹೆಣ್ಣಿನ ಹೆಸರು ಬೆಟ್ಟಕ್ಕೆ ಉಳಿದರೂ ಪಟ್ಟಿಯಲ್ಲಿ ಉಳಿಯುವುದಿಲ್ಲ. ತಂದೆಯ ಕಡೆಯ ಸರಣಿಯು ಎಷ್ಟು ಸೂಕ್ಷ್ಮವಾದದ್ದೆಂಬುದಕ್ಕೆ ಇಂಗ್ಲೆಂಡಿನಲ್ಲಿ ಒಂದು ಅಪೂರ್ವ ನಿದರ್ಶನ ದೊರೆಯಿತು. 1485ರಲ್ಲಿ ಯುದ್ಧದಲ್ಲಿ ಮಡಿದ ಮೂರನೆಯ ರಿಚರ್ಡ್ ದೊರೆಯ ಅಸ್ಥಿಗಳು 2012ರಲ್ಲಿ ಲೆಸ್ಟರ್ ಪಟ್ಟಣದಲ್ಲಿ ಸಿಕ್ಕಿದವು. ಜೀವಕಣಗಳಲ್ಲಿರುವ ಆನುವಂಶಿಕ ದ್ರವ್ಯವನ್ನು ಪರೀಕ್ಷಿಸಿ 2014ರಲ್ಲಿ ಫಲವನ್ನು ಪ್ರಕಟಿಸಿದರು. ದೊರೆಯ ಸೋದರಿಯಿಂದ ಹೆಣ್ಣುಮಕ್ಕಳ ಮೂಲಕವಾಗಿ ಇಳಿದುಬಂದ ಬಂಧುಗಳೊಡನೆ ತಾಯಿಯ ಕಡೆಯ ಗುರುತು ಸರಿಹೊಂದಿತು. ಗಂಡುಮಕ್ಕಳ ಮೂಲಕ ಬಂದವರೆಂದು ಗ್ರಂಥಗಳಲ್ಲಿ ದಾಖಲಾಗಿದ್ದ ಕುಲೀನ ಮನೆತನದವರೊಡನೆ ತಂದೆಯ ಕಡೆಯ ಗುರುತು ಹೊಂದಲಿಲ್ಲ. ಎಲ್ಲಿಯೋ ಒಂದು ಕಡೆ ಆ ಸರಣಿ ಕಡಿದಿತ್ತು. ಅರಮನೆಯ ದಾಖಲೆಗಳ ಗತಿಯೇ ಹೀಗಾದರೆ ನಮ್ಮ ಕಡತಗಳಲ್ಲಿ ಒಬ್ಬ ಮನೆಯಳಿಯನೋ ದತ್ತುಪುತ್ರನೋ ಮರೆಯಾದನೆಂದು ನಾಚಿಕೆಪಡಬೇಕಾಗಿಲ್ಲ.

ಇನ್ನೊಂದು ಲೆಕ್ಕವನ್ನೂ ಮಿತ್ರರ ಮುಂದಿಟ್ಟೆವು. ನಮಗೆ ತಂದೆತಾಯಿಗಳು ಇಬ್ಬರು. ಅಜ್ಜ ಅಜ್ಜಿಯರು ನಾಲ್ವರು. ಅದರ ಹಿಂದೆ ಎಂಟು. ಹೀಗೆ ಇಮ್ಮಡಿಯಾಗುತ್ತ ಹೋದರೆ ಹನ್ನೆರಡನೆಯ ತಲೆಮಾರಿನಲ್ಲಿ 4,096 ಮಂದಿಯೂ, ಹದಿನಾಲ್ಕನೆಯದರಲ್ಲಿ 16,384 ಮಂದಿಯೂ ಆಗುತ್ತಾರೆ. 1678ರಿಂದ ಇಂದಿಗೆ ಹೆಚ್ಚುಕಡಿಮೆ ಅಷ್ಟು ತಲೆಮಾರುಗಳೇ ಕಳೆದಿವೆ. ಮೂವತ್ತು ತಲೆಮಾರು ಹಿಂದಕ್ಕೆ ಹೋದರೆ ಲೆಕ್ಕವು 107 ಕೋಟಿಯನ್ನು ದಾಟುತ್ತದೆ. ಅಷ್ಟು ಜನ ಆ ಕಾಲದ ಸೀಮೆಯಲ್ಲಿ ಎಲ್ಲಿದ್ದರು? ಇರಲಿಲ್ಲ. ಸೋದರಮಾವನ ಮನೆಗೂ ಸೋದರತ್ತೆಯ ಮನೆಗೂ ಕೊಟ್ಟು ತಂದುಕೊಳ್ಳುವ ನಮ್ಮಲ್ಲಿ ಒಬ್ಬನೇ ಹಿರಿಯನು ಅನೇಕ ದಾರಿಗಳಿಂದ ನಮಗೆ ಹಿರಿಯನಾಗಿರುತ್ತಾನೆ. ಇದರಿಂದ ಎರಡು ಸಂಗತಿಗಳು ಸಿದ್ಧವಾಗುತ್ತವೆ. ಕೋಟೆಯ ದೊರೆಯ ಸಂತತಿ ಉಳಿದು ಬೆಳೆದಿದ್ದರೆ ಅದು ಒಂದೇ ಮನೆಯ ಸೊತ್ತಾಗಿರಲಾರದು. ಕೊಡುಕೊಳುಗೆಯ ಬಳಗದಲ್ಲೆಲ್ಲ ಹರಡಿರಬೇಕು. ಹಾಗೆಯೇ, ಆ ಒಬ್ಬ ದೊರೆಯ ಜೊತೆಗೆ ಸಾವಿರಾರು ಮಂದಿ ಇತರರೂ ನಮ್ಮ ಹಿರಿಯರೇ. ಅವರು ಉತ್ತವರು, ಕೆರೆ ತೋಡಿದವರು, ಬರಗಾಲದಲ್ಲಿ ಮಕ್ಕಳನ್ನು ಉಳಿಸಿಕೊಂಡವರು. ನಾಲ್ಕು ಸಾವಿರದಲ್ಲಿ ಒಬ್ಬನನ್ನು ಆರಿಸಿಕೊಂಡು ಉಳಿದವರನ್ನು ಮರೆಯುವುದು ಕೃತಜ್ಞತೆಯ ಲಕ್ಷಣವಲ್ಲ.

ಹಾಗಾದರೆ ವಂಶಾವಳಿಯನ್ನು ಹುಡುಕುವುದೇ ವ್ಯರ್ಥವೇ? ಹಾಗೆ ನಾವು ಎಂದಿಗೂ ಹೇಳುವುದಿಲ್ಲ. ಹುಡುಕುವ ದಿಕ್ಕನ್ನು ಬದಲಾಯಿಸಬೇಕೆಂದು ಮಾತ್ರ ಹೇಳುತ್ತೇವೆ. ಕೋಟೆಯಿಂದ ಕೆಳಕ್ಕೆ ಇಳಿಯುವವನು ತನ್ನ ಮನೆಯ ಬಾಗಿಲಿಗೆ ಬಂದೇ ಬರುತ್ತಾನೆ, ಏಕೆಂದರೆ ಅಲ್ಲಿಗೆ ಬರಬೇಕೆಂದೇ ಅವನು ಹೊರಟಿರುತ್ತಾನೆ. ತನ್ನಿಂದ ತೊಡಗಿ ಒಂದೊಂದೇ ಮೆಟ್ಟಿಲನ್ನು ಮೇಲಕ್ಕೆ ಹತ್ತುವವನಿಗೆ ಆ ಮೋಸವಿಲ್ಲ. ಮನೆಯ ಹಿರಿಯರು, ಮುಖ್ಯವಾಗಿ ಹೆಂಗಸರು, ಹೇಳಿದ್ದನ್ನು ಅವರ ಮಾತಿನಲ್ಲಿಯೇ ಬರೆದುಕೊಳ್ಳಬೇಕು. ಭೂಮಿಯ ಪತ್ರಗಳನ್ನೂ ಕಂದಾಯದ ದಾಖಲೆಗಳನ್ನೂ ಅವುಗಳೊಡನೆ ಹೋಲಿಸಬೇಕು. ದೇವಸ್ಥಾನದ ಕಂಬ, ಊರ ಮುಂದಿನ ವೀರಗಲ್ಲು, ಕೆರೆಯ ತೂಬಿನ ಬಳಿಯ ಶಾಸನ, ಇವುಗಳನ್ನು ನೋಡಬೇಕು. ಮುಸಲ್ಮಾನರ ಮನೆಗಳಲ್ಲಿ ಶಜರಾ ಎಂಬ ವಂಶವೃಕ್ಷವಿದ್ದರೆ ಅದಕ್ಕೂ ಇದೇ ನಿಯಮ ಸಲ್ಲುತ್ತದೆ. ಹೆಸರುಹೆಸರಾಗಿ ಮನೆತನಗಳ ಪೂರ್ವಿಕರನ್ನು ಹೇಳುವ ಹೆಳವರು ಬಂದರೆ ಬಾಗಿಲಿನಿಂದಲೇ ಕಳುಹಿಸದೆ ಕೂರಿಸಿ ಕೇಳಬೇಕು. ಎಲ್ಲಿ ಸಾಕ್ಷ್ಯವು ನಿಲ್ಲುತ್ತದೆಯೋ ಅಲ್ಲಿ ಒಂದು ಗೆರೆಯನ್ನು ಎಳೆದು, ಅದರ ಮೇಲೆ “ಹೀಗೆಂದು ಹೇಳಿಕೆ” ಎಂದು ಬರೆಯಬೇಕು. ಆ ಒಂದು ಗೆರೆಯಿಂದ ಚರಿತ್ರೆಯೂ ಉಳಿಯುತ್ತದೆ, ಕಥೆಯೂ ಉಳಿಯುತ್ತದೆ.

ನಮ್ಮ ಮಿತ್ರರು ಹಾಗೆಯೇ ಮಾಡಿದರು. ಮದುವೆಯಲ್ಲಿ ಹಂಚಿದ ಕಾಗದವು ರಾಮಗೌಡನಿಂದ ಆರಂಭವಾಗಲಿಲ್ಲ. ಗಂಡುಮಕ್ಕಳಿಲ್ಲದ ಮನೆಯನ್ನು ನಿಲ್ಲಿಸಿದ ಮಗಳಿಂದಲೂ, ಅವಳ ಕೈಹಿಡಿದು ಆ ಮನೆಗೆ ಬಂದವನಿಂದಲೂ ಆರಂಭವಾಯಿತು. ಅವರ ಮೇಲೆ ಗೆರೆ. ಗೆರೆಯ ಮೇಲೆ ಕೋಟೆಯ ಕಥೆ. ನೆಂಟರಲ್ಲಿ ಕೆಲವರಿಗೆ ಅದು ಹಿಡಿಸಲಿಲ್ಲವೆಂದು ಕೇಳಿದೆವು. ಆದರೆ ಸೋದರತ್ತೆಯವರು ಅದನ್ನು ಮತ್ತೆ ಮತ್ತೆ ಓದಿಸಿ ಕೇಳಿದರಂತೆ.

ಮಧುಗಿರಿಯ ಬೆಟ್ಟದಲ್ಲಿ ನೀರಿರುವುದನ್ನು ತೋರಿಸಿಕೊಟ್ಟದ್ದು ಒಂದು ಕುರಿಯೆಂದು ಆಗಲೇ ಹೇಳಿದೆವು. ಕುರಿ ಇದ್ದ ಮೇಲೆ ಅದನ್ನು ಕಾಯುವವನೊಬ್ಬನು ಇದ್ದಿರಲೇಬೇಕು. ಅವನ ಹೆಸರು ಯಾವ ಕೈಫಿಯತ್ತಿನಲ್ಲಿಯೂ ನಮ್ಮ ಕಣ್ಣಿಗೆ ಬಿದ್ದಿಲ್ಲ. ಆ ಸೀಮೆಯಲ್ಲಿ ಹುಟ್ಟಿದವರೆಲ್ಲರೂ ದೊರೆಯ ಸಂತತಿಯಾಗಿರಬಹುದೆಂದು ಲೆಕ್ಕವು ಹೇಳಿದರೆ, ಆ ಕುರಿಗಾಹಿಯ ಸಂತತಿಯೂ ಆಗಿರಬಹುದೆಂದು ಅದೇ ಲೆಕ್ಕವು ಹೇಳುತ್ತದೆ. ಇಬ್ಬರನ್ನೂ ನೆನೆಯುವುದಕ್ಕೆ ಸ್ಥಳವಿರುವ ವಂಶಾವಳಿಯೇ ಒಳ್ಳೆಯ ವಂಶಾವಳಿ.